ಖಾಡಿಯ ಮೇಲೊಂದು ದೂರದ ಹಾಡು

ಆಕಾಶದಿಂದ ತೆಗೆದ ಒಂದು ಚಿತ್ರ: ನೀರು, ಮರಳು, ನೀರಂಚಿಗೆ ಚೆಲ್ಲಿಕೊಂಡ ಮನೆಗಳು. ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯ ಮ್ಯಾಂಡುರಾ ಎಂಬ ಊರು 1961ರಲ್ಲಿ ಹೀಗೆ ಕಾಣುತ್ತಿತ್ತು. ಪರ್ತ್ ನಗರದ ‘ದಿ ಟ್ರಿಫಿಡ್ಸ್’ ಎಂಬ ತಂಡ 1986ರಲ್ಲಿ ಹೊರತಂದ ‘ಬಾರ್ನ್ ಸ್ಯಾಂಡಿ ಡಿವೋಷನಲ್’ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಈ ಚಿತ್ರವಿದೆ. ಅದರಲ್ಲಿ ಮನುಷ್ಯರು ಕಾಣುವುದಿಲ್ಲ. ಆದರೂ ನೋಡುತ್ತ ಕೂತರೆ ಯಾವುದೋ ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಸೈಕಲ್ಲು, ಮಧ್ಯಾಹ್ನದ ಜೋಂಪು, ಇನ್ನು ಕೆಲವೇ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಮನೆ ಬಿಟ್ಟು ಹೊರಡಲಿರುವ ಮಕ್ಕಳು, ಎಲ್ಲವೂ ಆ ಮೌನದೊಳಗಿಂದ ಮೆಲ್ಲಗೆ ಮೇಲೇಳತೊಡಗುತ್ತವೆ.

ಈ ಹಾಡುಗಳು ನನಗೆ ದಕ್ಕಿದ್ದು ಮುಂಬಯಿಯ ಅಂಚಿನಲ್ಲಿ, ಠಾಣೆಯಿಂದ ವಾಶಿಯ ಕಡೆ ಹೋಗುವ ಲೋಕಲ್ ರೈಲಿನಲ್ಲಿ. ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಕೆಲಸ ಇರುವವರು ಠಾಣೆಯಲ್ಲಿ ಗಾಡಿ ಬದಲಿಸಲೇಬೇಕು. ಮೊದಲಿನ ಗಾಡಿಯಲ್ಲಿ ಉಸಿರಾಡಲು ಸಿಕ್ಕಷ್ಟೇ ಜಾಗ. ಎರಡನೆಯದರಲ್ಲಿ ಅದೃಷ್ಟವಿದ್ದರೆ ಕಿಟಕಿ. ಐರೋಲಿ ಸಮೀಪಿಸುವಾಗ ಕಾಂಡ್ಲಾ ಕಾಡಿನ ಹಸಿರು ಗೆರೆಯಾಗಿ ತೇಲಿಬರುತ್ತದೆ, ಅದರಾಚೆ ಕಡಲ ಕವಲಾದ ಖಾಡಿ. ಅದೇ 1961ರಲ್ಲಿ ಯಾರಾದರೂ ಈ ಖಾಡಿಯ ಮೇಲೆ ವಿಮಾನದಲ್ಲಿ ಹೋಗುತ್ತ ಕೆಳಗಿನದನ್ನು ಚಿತ್ರ ತೆಗೆದಿದ್ದರೆ, ಅದರಲ್ಲಿಯೂ ನೀರು, ಕೆಸರು, ಉಪ್ಪಿನ ಗದ್ದೆ, ಮೀನುಗಾರ ಕೋಳಿ ಸಮುದಾಯದ ಮತ್ತು ಆಗ್ರಿ ಜನರ ಹಳ್ಳಿಗಳ ಹೆಂಚಿನ ಮಾಡುಗಳು, ನಡುನಡುವೆ ಬತ್ತದ ಗದ್ದೆಗಳಷ್ಟೇ ಇರುತ್ತಿದ್ದವು. ಹೊಸ ನಗರವೊಂದನ್ನು ಕಟ್ಟಲೆಂದು ಸಿಡ್ಕೋ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ಅದಕ್ಕೂ ಮೊದಲೇ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ ಈ ದಂಡೆಯ ಮೇಲೆ ಒಂದು ನಗರವನ್ನು ಮನಸ್ಸಿನಲ್ಲಿಯೇ ಕಟ್ಟಿ ನೋಡಿದ್ದರು. ನಾನೀಗ ನಡೆಯುವ ಬೀದಿಗಳು ಯಾರದೋ ಕಾಗದದ ಮೇಲೆ ಮೊದಲು ಮೂಡಿದವು ಎಂಬುದನ್ನು ನೆನೆದಾಗಲೆಲ್ಲ ಕಾಲಕೆಳಗಿನ ನೆಲ ಸ್ವಲ್ಪ ತೆಳುವಾದಂತೆ, ಕೆಳಗಿನ ಉಪ್ಪುನೀರು ಇನ್ನೂ ಅಲ್ಲಿಯೇ ಉಸಿರಾಡುತ್ತಿರುವಂತೆ ಅನಿಸುತ್ತದೆ.

ಟ್ರಿಫಿಡ್ಸ್ ತಂಡದವರು ಇಟ್ಟುಕೊಂಡ ಹೆಸರು ಜಾನ್ ವಿಂಡಮ್ ಬರೆದ 1951ರ ಕಾದಂಬರಿಯಿಂದ ಬಂದದ್ದು. ಆ ಕಾದಂಬರಿಯ ಟ್ರಿಫಿಡ್‌ಗಳು ನೆಲದಿಂದ ತಮ್ಮನ್ನು ತಾವೇ ಕಿತ್ತುಕೊಂಡು ನಡೆದಾಡುವ ಗಿಡಗಳು. ಕಥೆಯಲ್ಲಿ ಅವು ಭಯ ಹುಟ್ಟಿಸುತ್ತವೆ. ಹಾಡುಗಳನ್ನು ಕೇಳುತ್ತ ಕೇಳುತ್ತ ನನಗೆ ಮಾತ್ರ ಆ ಹೆಸರಿನೊಳಗೆ ದೊಡ್ಡದೊಂದು ಸಂಕಟ ಕಾಣಿಸಿತು. ಪರ್ತ್‌ನಿಂದ ಸಿಡ್ನಿಗೆ ರಸ್ತೆಯಲ್ಲಿ ಸುಮಾರು 4000 ಕಿಲೋಮೀಟರ್. ನಡುವೆ ಮರವೇ ಇಲ್ಲದ ನಲ್ಲಾರ್ಬರ್ ಬಯಲು. ತಂಡದವರು ಆ ಬಯಲನ್ನು ಮತ್ತೆ ಮತ್ತೆ ದಾಟಿದರು. 1984ರಲ್ಲಿ ಇನ್ನೂ ದೂರ, ಲಂಡನ್ನಿಗೆ ಹೋದರು. ಅವರ ಕವಿ ಡೇವಿಡ್ ಮೆಕ್‌ಕೋಂಬ್, 1962ರಲ್ಲಿ ಹುಟ್ಟಿದವರು, 37 ತುಂಬುವ ಮೊದಲೇ 1999ರಲ್ಲಿ ತೀರಿಕೊಂಡರು. ಅವರು ಬರೆದ ‘ವೈಡ್ ಓಪನ್ ರೋಡ್’ ಆ ಖಾಲಿ ಹಾದಿಗಳ ಹಾಡು. ಪ್ರೀತಿ ಕಳೆದುಹೋದವನಿಗೆ ಸಿಗುವ ಬಿಡುಗಡೆ ಎಷ್ಟು ವಿಶಾಲವೋ ಅಷ್ಟೇ ಭಯಾನಕ ಎಂಬುದನ್ನು ಅದು ಬರೀ ರಸ್ತೆ ಮತ್ತು ಆಕಾಶವನ್ನು ತೋರಿಸಿಯೇ ಮನಗಾಣಿಸುತ್ತದೆ. ಇಷ್ಟೊಂದು ಬಿಸಿಲು, ಇಷ್ಟೊಂದು ಮರಳು, ಇಷ್ಟೊಂದು ಕಡಲಂಚು ತುಂಬಿದ ಆ ಧ್ವನಿಮುದ್ರಿಕೆಯ ಹಾಡುಗಳನ್ನು ಅವರು ಹಾಡಿ ಮುದ್ರಿಸಿದ್ದು ಮೋಡ ಕವಿದ ಲಂಡನ್ನಿನಲ್ಲಿ. ಊರು ಕಣ್ಣಿಂದ ಮರೆಯಾದ ಮೇಲೆಯೇ ಅದರ ಹೊಳಪು ಹಾಡಿಗೆ ಇಳಿಯಿತೇನೋ.

ಆ ಧ್ವನಿಮುದ್ರಿಕೆ ಹೊರಬಂದ 1986ರಲ್ಲಿಯೇ ಅವರು ಇನ್ನೊಂದು ಕೆಲಸ ಮಾಡಿದರು. ಪರ್ತ್‌ನಿಂದ 500 ಕಿಲೋಮೀಟರಿಗೂ ಹೆಚ್ಚು ದೂರದ ರೇವನ್ಸ್‌ಥಾರ್ಪ್ ಬಳಿ ಮೆಕ್‌ಕೋಂಬ್ ಮನೆತನದ ಜಮೀನಿತ್ತು. ಅಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಒಂದು ಕೊಟ್ಟಿಗೆ. ಧ್ವನಿಮುದ್ರಣದ ಯಂತ್ರಗಳನ್ನು ಅದರೊಳಗೇ ತಂದಿಟ್ಟುಕೊಂಡು, ಕೆಲವೇ ದಿನಗಳಲ್ಲಿ, ಬಹಳ ಕಡಿಮೆ ಖರ್ಚಿನಲ್ಲಿ ‘ಇನ್ ದ ಪೈನ್ಸ್’ ಎಂಬ ಗುಚ್ಛವನ್ನು ಹಾಡಿ ಮುಗಿಸಿದರು. ನಾನು ಆ ಕೊಟ್ಟಿಗೆಯನ್ನು ನೋಡಿದವಳಲ್ಲ. ಆದರೆ ಕಿವಿಗೆ ಅದು ಚೆನ್ನಾಗಿ ಗೊತ್ತು. ಹಲಗೆಯ ನೆಲ ಹೆಜ್ಜೆಗೆ ಕೊಡುವ ಉತ್ತರ, ದನಿ ಗೋಡೆಗೆ ತಾಗಿ ಮರಳುವ ಬಗೆ, ಪಿಟೀಲಿನ ಗೆರೆ ಬಾಗಿಲಿನಿಂದ ಹೊರಬಿದ್ದು ಬಯಲಿನಲ್ಲಿ ಕರಗುವುದು, ವರ್ಷಗಟ್ಟಲೆ ಉಣ್ಣೆಯ ಜಿಡ್ಡು ಕುಡಿದು ನುಣುಪಾದ ಮರದ ವಾಸನೆ ಕೂಡ. ವಾಸನೆ ಹಾಡಿನಲ್ಲಿ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಸಂಜೆಯ ಲೋಕಲ್‌ನಲ್ಲಿ ಮಲ್ಲಿಗೆ ಗಜರಾ, ಬೆವರು, ತಗಡಿನ ತೇವ ಮತ್ತು ಯಾರದೋ ಡಬ್ಬಿಯ ಬೊಂಬಿಲ್ ಮೀನು ಒಟ್ಟಿಗೆ ಮೂಗಿಗೆ ತಾಗುವ ಹೊತ್ತಿನಲ್ಲಿ ಒಂದು ಹಾಡನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನೋಡಿ ಎನ್ನುತ್ತೇನೆ.

ಇಂಥ ಹಾಡುಗಳ ಮುಂದೆ ನಾನು ತಲೆಬಾಗುವುದು ಅವುಗಳಲ್ಲಿನ ಚಿಕ್ಕ ಸಂಗತಿಗಳಿಗೆ. ದೊಡ್ಡ ಮಾತುಗಳು ಹುಟ್ಟಿದ ಊರಲ್ಲೇ ಉಳಿದುಬಿಡುತ್ತವೆ. ಒಂದು ಬೇಲಿ, ಒಂದು ಒಣ ಹಳ್ಳ, ಒಬ್ಬಳ ಹೆಸರು ಸಾಗರ ದಾಟಿ ಬಂದು ಮುಂಬ್ರಾದ ಗುಡ್ಡದ ಬುಡದಲ್ಲಿ, ಒಂದು ಕಡೆ ದೇವಿಯ ಗುಡಿ ಹೊತ್ತ ಕಲ್ಲು, ಇನ್ನೊಂದು ಕಡೆ ಇಳಿತದ ಕೆಸರು ಹೊಳೆಯುವ ಆ ಇಕ್ಕಟ್ಟಿನಲ್ಲಿ, ನಿಂತಲ್ಲೇ ನಿಂತ ಹೆಂಗಸಿನ ಎದೆಗೆ ಸೇರುತ್ತವೆ. ಚಳಿಗಾಲದಲ್ಲಿ ಬಂದು ಮೇ ತಿಂಗಳವರೆಗೆ ಈ ಖಾಡಿಯಲ್ಲಿ ನಿಲ್ಲುವ ರಾಜಹಂಸಗಳನ್ನು ನೋಡಿದಾಗಲೂ ಇದೇ ಬೆರಗು. ಗುಜರಾತಿನ ಉಪ್ಪಿನ ಬಯಲುಗಳ ಕಡೆಯಿಂದ ಬರುವ ಆ ಹಕ್ಕಿಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಮರಿಗಳು ಬೂದು. ಕೆಸರು ನೀರಿನ ಪಾಚಿಯನ್ನು ಸೋಸಿ ಸೋಸಿ ತಿನ್ನುತ್ತ ಗರಿಗೆ ಬಣ್ಣವೇರುತ್ತದೆ. ಕಾರ್ಖಾನೆಗಳ, ಚರಂಡಿಗಳ ನೀರು ಬಂದು ಸೇರುವ ಈ ಖಾಡಿಯ ರಾಡಿ ಹೀಗೊಂದು ಗುಲಾಬಿಯಾಗಿ ಏಳುವುದನ್ನು ರೈಲಿನ ಕಿಟಕಿಯಿಂದ ನೋಡುವಾಗ ಕೈ ತಾನಾಗಿ ಎದೆಗೆ ಹೋಗುತ್ತದೆ.

ಚಿಕ್ಕ ಸಂಗತಿಯೊಳಗೆ ದೊಡ್ಡದನ್ನು ಕಾಣಿಸುವ ಈ ಕೆಲಸವನ್ನು ನಮ್ಮಲ್ಲಿ ಶಿಶುನಾಳ ಶರೀಫರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಾಡಿ ತೋರಿಸಿದ್ದರು. ಮಳೆಗೆ ಸೋರುವ ಮನೆ, ಸೇದುವ ಗುಡಗುಡಿ, ಹತ್ತಿಯ ಗಿರಣಿ ಹೀಗೆ ಕೈಗೆಟುಕುವ ವಸ್ತು ಯಾವುದೇ ಇರಲಿ, ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರೆ ಅದರೊಳಗೆ ದೇಹ, ಗುರು, ಸಾವು ಎಲ್ಲವೂ ಕಾಣುತ್ತಿದ್ದವು. ಹೊಗೆಯುಗುಳುವ ಗಿರಣಿಯನ್ನು ನೋಡಿ ಬೇರೆಯವರು ಬೆದರಿದರೋ ಬೀಗಿದರೋ, ಅವರು ಅದರ ಚಕ್ರಗಳ ಸದ್ದಿನೊಳಗೆ ಹೊಕ್ಕು ತತ್ವವನ್ನು ಹೊತ್ತು ಹೊರಬಂದರು. ಆ ಪದಗಳಿಗೆ ಸಿ. ಅಶ್ವತ್ಥ್ ಕೊಟ್ಟ ಕಂಠ ನನ್ನ ತಾಯಿಯ ಕಾಲದ್ದು. ಕ್ಯಾಸೆಟ್ಟಿನ ಟೇಪು ಸವೆದು ದನಿ ತೊದಲುವವರೆಗೂ ಅದು ನಮ್ಮ ಮನೆಯಲ್ಲಿ ತಿರುಗಿದೆ. ಆಮೇಲೆ, 2008ರಲ್ಲಿ, ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ ಬಂತು. ಮಹಾರಾಷ್ಟ್ರದ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಈ ಗಾಯಕ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಶರೀಫರನ್ನು ಹಾಡುತ್ತ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಏರಿದರು. ಶರೀಫರ ಶಿಗ್ಗಾವಿಯ ಮಣ್ಣಿನ ಪದ ಪರದೇಶದ ಹುಲ್ಲುಗಾವಲಿನಲ್ಲಿ ಕುಣಿಯುವ ಜನರ ಪಾದಗಳಿಗೆ ಇಳಿದಾಗ, ಅರ್ಥ ಹಿಂದುಳಿದಿತ್ತು, ಮುಂದೆ ಹೋದದ್ದು ಉಸಿರು. ನನಗೆ ಅಶ್ವತ್ಥರ ಶರೀಫರೇ ಹೆಚ್ಚು ಹತ್ತಿರ. ಆದರೆ ನನ್ನ ಮಗಳ ಕಾಲು ತಾಳ ಹಾಕುವುದು ರಘು ಹಾಡಿದಾಗ, ಹಾಗೆ ತಾಳ ಹಾಕುತ್ತಲೇ ಅವಳು ಗುಡಗುಡಿಯ ಬಗ್ಗೆ ಕೇಳಿದಳು, ಶರೀಫರ ಗುರು ಗೋವಿಂದ ಭಟ್ಟರ ಬಗ್ಗೆ ಕೇಳಿದಳು.

ಇನ್ನು ಕಥೆಗಾರ, ಕವಿ ಜಯಂತ ಕಾಯ್ಕಿಣಿ. ಗೋಕರ್ಣದಿಂದ ಮುಂಬಯಿಗೆ ಬಂದು, ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತ, ಎರಡು ದಶಕಗಳಿಗೂ ಹೆಚ್ಚು ಕಾಲ ಈ ಮಹಾನಗರವನ್ನು ಮೈಮೇಲೆ ಹಾಕಿಕೊಂಡು ಬದುಕಿದವರು. ಮದುಮಗನನ್ನು ಹೊತ್ತುಕೊಂಡೇ ಓಡಿಹೋಗುವ ಕುದುರೆ ಅವರ ‘ದಗಡೂ ಪರಬನ ಅಶ್ವಮೇಧ’ ಕಥೆಯಲ್ಲಿದೆ. ಕರ್ನಾಟಕಕ್ಕೆ ಮರಳಿದ ಮೇಲೆ, 2006ರ ‘ಮುಂಗಾರು ಮಳೆ’ ಚಿತ್ರದಿಂದಾಚೆ, ಅವರ ಹಾಡುಗಳು ಅಲ್ಲಿನ ಆಟೋಗಳಲ್ಲಿ, ಹಾಸ್ಟೆಲ್ಲುಗಳಲ್ಲಿ, ಮದುವೆಮನೆಗಳಲ್ಲಿ ಹರಡಿದವು. ಆ ಸಾಲುಗಳ ಮೃದುತ್ವದ ಹಿಂದೆ ಅಪರಿಚಿತರ ಭುಜಕ್ಕೆ ಭುಜ ತಾಗಿಸಿ ನಿಂತ ಸಂಜೆಗಳಿವೆ ಎಂದೇ ನನ್ನ ನಂಬಿಕೆ. ಮುಖ ನೋಡದೆಯೇ ಪಕ್ಕದವರ ದಣಿವು ತಿಳಿಯುವುದನ್ನು ಲೋಕಲ್ ರೈಲು ಕಲಿಸುತ್ತದೆ. ಪ್ರೇಮಗೀತೆಗೆ ಬೇಕಾದ ವಿದ್ಯೆಯೂ ಅದೇ.

ಸೆಂಟ್ರಲ್ ಲೈನಿನ ಗಾಡಿಗಳಲ್ಲಿ ಭಜನಾ ಮಂಡಳಿಗಳಿವೆ. ಕಲ್ಯಾಣ ಬಿಟ್ಟ ಬೆಳಗಿನ ಗಾಡಿಯಲ್ಲಿ, ಕಚೇರಿಯ ಚೀಲಗಳು ತಲೆಮೇಲಿನ ರ‍್ಯಾಕಿಗೆ ಸೇರುತ್ತಲೂ ಜೋಡಿ ತಾಳ ಹೊರಬರುತ್ತದೆ, ಒಬ್ಬರು ಅಭಂಗವನ್ನು ಎತ್ತಿಕೊಳ್ಳುತ್ತಾರೆ, ಉಳಿದವರು ಡಬ್ಬಿಯ ತಗಡಿನ ಗೋಡೆಯನ್ನೇ ಮೃದಂಗ ಮಾಡಿಕೊಂಡು ಬಡಿಯುತ್ತಾರೆ. ಪಕ್ಕದ ಲೇಡೀಸ್ ಡಬ್ಬಿಗೆ ಅದು ಗೋಡೆ ದಾಟಿ, ತುಸು ಮಸುಕಾಗಿ, ಆದರೆ ತಾಳ ತಪ್ಪದೆ ಬರುತ್ತದೆ. ಮೆಂತೆ ಸೊಪ್ಪು ಬಿಡಿಸುತ್ತಿರುವ ಬೆರಳುಗಳು ಗೊತ್ತಿಲ್ಲದೆಯೇ ಆ ಲಯಕ್ಕೆ ಸೇರಿಕೊಳ್ಳುತ್ತವೆ. ಹದಿಮೂರನೆಯ ಶತಮಾನದ ಜ್ಞಾನೇಶ್ವರರು ವಿಠಲನನ್ನು ಕನ್ನಡದವನು, ಕರ್ನಾಟಕದವನು ಎಂದು ಕರೆದ ಅಭಂಗವೂ ಇಲ್ಲಿ ಕೇಳಿಬರುವುದುಂಟು. ಮರಾಠಿಯ ಕಂಠಗಳು ಕನ್ನಡದ ದೇವರನ್ನು ಹೀಗೆ ಮನಸಾರೆ ಕೂಗಿ ಕರೆಯುವಾಗ, ಕನ್ನಡತಿಯಾದ ನಾನು ಕಂಬಿ ಹಿಡಿದು ನಿಂತಿರುತ್ತೇನೆ, ಗಾಡಿ ದಿವಾ ದಾಟುತ್ತಿರುತ್ತದೆ, ಕಿವಿಯಲ್ಲಿನ ಆಸ್ಟ್ರೇಲಿಯಾ ತಾನಾಗಿ ಸುಮ್ಮನಾಗಿರುತ್ತದೆ. ಆ ಗಳಿಗೆಯಲ್ಲಿ ಊರು ಯಾವುದು, ಪರವೂರು ಯಾವುದು ಎಂಬ ಲೆಕ್ಕ ನನ್ನೊಳಗೆ ಕರಗಿಹೋಗುತ್ತದೆ. ದೇವರೂ ಒಮ್ಮೆ ಊರು ಬಿಟ್ಟು ಬಂದು ಇಟ್ಟಿಗೆಯ ಮೇಲೆ ನಿಂತವನೇ ತಾನೆ?

ಈ ಕಡೆಯ ಮಕ್ಕಳ ಬಗ್ಗೆ ನನಗೆ ಆಸೆಯಿದೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದ ಅಂಗಳದಲ್ಲಿ ಆಡಿದವರು, ಮನೆಯಲ್ಲಿ ಅಜ್ಜಿಯ ಜೊತೆ ಕನ್ನಡ ಅಥವಾ ತುಳು, ಪ್ಲಾಟ್‌ಫಾರ್ಮಿನಲ್ಲಿ ಮರಾಠಿ, ರಿಕ್ಷಾದಲ್ಲಿ ಹಿಂದಿ ಆಡುವವರು. ಅವರಲ್ಲಿ ಒಬ್ಬನೋ ಒಬ್ಬಳೋ ಈಗ ಬಾಲ್ಕನಿಯಲ್ಲಿ ಅಗ್ಗದ ಗಿಟಾರಿನ ತಂತಿ ಬಿಗಿಯುತ್ತಿರಬಹುದು. ಅವರು ಹಾಡು ಬರೆಯಲಿ. 2005ರ ಜುಲೈ 26ರ ಮಳೆಯಲ್ಲಿ ಹಳಿಗಳ ಮೇಲೆ ನಡೆದೇ ಮನೆ ಸೇರಿದ ಅಪ್ಪನ ಬೂಟುಗಳ ಬಗ್ಗೆ, ಉಲ್ಹಾಸ ನದಿಯ ಬಗ್ಗೆ, ಊಟದ ಹೋಟೆಲಿನಲ್ಲಿ ನಡುರಾತ್ರಿ ಲೋಟ ತೊಳೆಯುತ್ತಲೇ ಯಕ್ಷಗಾನದ ಪದ ಗುನುಗಿದ ಮಾವನ ಬಗ್ಗೆ, ಕಲ್ಯಾಣದಲ್ಲಿ ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ ಅಕ್ಕ ಕಿಟಕಿಯಿಂದ ಚಾಚಿದ ಕೈ ಬಗ್ಗೆ. ಹಾಡು ಚಂದ ಕಾಣಲೆಂದು ಊರುಗಳನ್ನು ಅಳಿಸಬಾರದು. ಕೋಪರ್ ಕೋಪರೇ ಆಗಿರಲಿ, ಕಳವಾ ಕಳವಾ ಆಗಿರಲಿ, ರಾಬಾಳೆ, ಘಣಸೋಲಿ, ತುರ್ಭೆ ಎಲ್ಲ ತಮ್ಮ ಹೆಸರಿನಲ್ಲಿಯೇ ಪಲ್ಲವಿಯೊಳಗೆ ಬಂದು ನಿಲ್ಲಲಿ. ಸ್ಟುಡಿಯೋ ಸಿಗದಿದ್ದರೆ ಸೊಸೈಟಿಯ ಗಚ್ಚಿನ ಮೇಲಿನ ನೀರಿನ ಟಾಂಕಿಯ ಕೋಣೆ ಇದೆ, ತಬಲಾ ಇಲ್ಲದಿದ್ದರೆ ಡಬ್ಬಿಯ ತಗಡು ಬಡಿದರಾಯಿತು.