ಮೊಗ ಯಾರದು, ಮುಖ ಯಾರದು?

ಪಂಜುರ್ಲಿಯ ಹಿತ್ತಾಳೆ ಮೊಗಗಳು ತುಳುನಾಡು ಬಿಟ್ಟು ಬಹಳ ಕಾಲವಾಯಿತು. ದಿಲ್ಲಿಗೆ ಹೋದವು, ಅಮೆರಿಕದ ಮ್ಯೂಸಿಯಂಗಳಿಗೆ ಹೋದವು, ದುಡ್ಡಿದ್ದವರ ಗೋಡೆಗಳಿಗೆ ಹೋದವು. ಹಂದಿಯ ಮೂತಿ, ನಿಮಿರಿದ ಕಿವಿ, ಚಾಚಿದ ನಾಲಗೆ. ಪಕ್ಕದಲ್ಲೊಂದು ಚೀಟಿ: ಊರು, ಲೋಹ, ಶತಮಾನ. ಅದನ್ನು ಕಟ್ಟಿ ಕುಣಿದವನ ಹೆಸರು ಸಾಮಾನ್ಯವಾಗಿ ಆ ಚೀಟಿಯಲ್ಲಿ ಇರೋದಿಲ್ಲ.

ಇದನ್ನು ಕಂಡರೆ ನಮಗೆ ಮೊದಲು ಬರೋದು ಸಿಟ್ಟು. ನಮ್ಮದನ್ನು ಒಯ್ದರು, ವಾಪಸ್ ಕೊಡಿಸಿ ಅಂತ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಕೂಡದೆಂದು 1972ರ ಕಾಯಿದೆಯೂ ಹೇಳುತ್ತದೆ. ಸಿಟ್ಟು ನ್ಯಾಯವೇ. ಆದರೆ ವಾಪಸ್ ಬಂದ ಮೊಗ ಯಾರ ಮನೆಗೆ ಹೋಗುತ್ತದೆ?

ಲೋಹದ ಮೊಗ ಕುಣಿಯುವವನದಲ್ಲ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಎರಕ ಹೊಯ್ದವರು ಕಂಚುಗಾರರು. ಹೊಯ್ಯಿಸಿದವರು ಗುತ್ತಿನವರು, ಬೀಡಿನವರು. ವರ್ಷವಿಡೀ ಅದು ಭಂಡಾರದ ಮನೆಯಲ್ಲಿ ಬೀಗದೊಳಗೆ. ಕೋಲದ ದಿನ ಮೆರವಣಿಗೆಯಲ್ಲಿ ಬರುತ್ತದೆ. ನಲಿಕೆಯವನೋ ಪಂಬದನೋ ಪರವನೋ ಒಂದು ರಾತ್ರಿ ಅದನ್ನು ಧರಿಸುತ್ತಾನೆ. ಆ ಹೊತ್ತು ಯಜಮಾನ ಅವನೆದುರು ಕೈಮುಗಿದು ನುಡಿ ಕೇಳುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅದೇ ಮನೆಯ ಅಂಗಳದಾಚೆ ನಿಲ್ಲಬೇಕಿತ್ತು. 1974ರ ಭೂಸುಧಾರಣೆಯಲ್ಲಿ ಗದ್ದೆ ಗೇಣಿದಾರನ ಕೈಗೆ ಬಂತು. ಭಂಡಾರದ ಬೀಗದ ಕೈ ಮಾತ್ರ ಬಹಳ ಕಡೆ ಇದ್ದಲ್ಲೇ ಉಳಿಯಿತು.

ಹಾಗಾದ್ರೆ ನಮ್ಮವನು ಏನು ತಂದ? ತೆಂಗಿನ ಎಳೆಗರಿ ಸೀಳಿ ಸೊಂಟಕ್ಕೆ ಸುತ್ತುವ ಸಿರಿ ತಂದ. ಅಡಿಕೆ ಹಾಳೆ, ಬಿದಿರು ಕಡ್ಡಿ ಹೆಣೆದು ಬೆನ್ನ ಹಿಂದೆ ನಿಲ್ಲುವ ಅಣಿ ತಂದ. ಅರದಾಳ ಅರೆದು ತನ್ನ ಮುಖವನ್ನೇ ಮೊಗ ಮಾಡಿಕೊಂಡ. ಅವನ ಮನೆಯ ಹೆಂಗಸು ತೆಂಬರೆ ಬಡಿಯುತ್ತ ಪಾಡ್ದನ ಹೇಳಿದಳು. ಇದು ಅವರ ಕೈಕೆಲಸ, ಅವರ ವಿದ್ಯೆ. ಆದರೆ ಬೆಳಗಾದರೆ ಗರಿ ಬಾಡುತ್ತದೆ, ಬಣ್ಣ ಇಳಿಯುತ್ತದೆ. ಬಾಡುವುದನ್ನು ಕೊಳ್ಳುವ ಸಂಗ್ರಾಹಕ ಇಲ್ಲ. ಹಾಗಾಗಿ ಗಾಜಿನ ಪೆಟ್ಟಿಗೆಯೊಳಗಿನ ಚರಿತ್ರೆ ಲೋಹ ಹೊಯ್ಯಿಸುವ ಯೋಗ್ಯತೆ ಇದ್ದವರ ಚರಿತ್ರೆ.

ಪಾಡ್ದನಗಳಾದರೂ ಕಾಗದಕ್ಕೆ ಇಳಿದವು. ಬರ್ನೆಲ್ ಎಂಬ ಬ್ರಿಟಿಷ್ ಅಧಿಕಾರಿ ಕೂಡಿಸಿದ್ದನ್ನು, ಅವನು ತೀರಿಕೊಂಡ ಮೇಲೆ, 1894ರಿಂದ 'ಇಂಡಿಯನ್ ಆಂಟಿಕ್ವೆರಿ' ಅಚ್ಚು ಹಾಕಿತು. ಕೊಟ್ಟ ತಲೆಬರಹ 'ತುಳುವರ ಪಿಶಾಚಾರಾಧನೆ'! ಹಾಡಿದವರು ಕೇಳಿದ್ದರೆ ಏನನ್ನುತ್ತಿದ್ದರೋ.

ಭೂತವೇ ಸುಳ್ಳು, ಯಜಮಾನಿಕೆಯ ಕಾವಲುಗಾರ. ಅದರ ಮುಖವಾಡ ಎಲ್ಲಿ ಬಿದ್ದಿದ್ದರೇನು ಅಂತ ನಮ್ಮಲ್ಲೇ ಕೆಲವರು ವಾದಿಸುತ್ತಾರೆ. ಅರ್ಧ ಒಪ್ಪುತ್ತೇವೆ. ಭೂತದ ಹೆದರಿಕೆ ಉಳ್ಳವರ ಕೆಲಸಕ್ಕೆ ಬಂದದ್ದು ನಿಜ. ಆದರೆ ಕಲ್ಕುಡನ ಪಾಡ್ದನ ನೋಡಿ. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನನ್ನು ಕಡೆದವನು ಅವನೇ ಅಂತ ಹಾಡು ಹೇಳುತ್ತದೆ. ಇಂಥದ್ದು ಇನ್ನೊಂದು ಕಡೆ ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನೂ ತಂಗಿ ಕಲ್ಲುರ್ಟಿಯೂ ಭೂತಗಳಾಗಿ ಅರಸನನ್ನು ಕಾಡಿದರು. ಅರಸನ ಶಾಸನದಲ್ಲಿ ಸಿಗದ ಈ ಅನ್ಯಾಯವನ್ನು ನೆನಪಿಟ್ಟವರು ಯಾರು? ಎಲೆ ಕಟ್ಟಿ ಕುಣಿದವರು. ಕೆಲಸ ಬೇಕು, ಕೈ ಬೇಡ ಅಂದ ಆ ಅರಸನೇ ನಮಗೆ ಗೊತ್ತಿರುವ ಮೊದಲ ಸಂಗ್ರಾಹಕ.

2022ರಲ್ಲಿ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಬೇಡ ಅನ್ನಲಾರೆವು. ಆದರೆ ಅರವತ್ತು ತುಂಬುವ ತನಕ ಆ ಕುಟುಂಬಗಳು ಬದುಕೋದು ಹೇಗೆ, ಮಕ್ಕಳು ಇದನ್ನೇ ಕಲಿಯಬೇಕೋ ಬಿಡಬೇಕೋ? ಅದನ್ನು ತೀರ್ಮಾನಿಸಬೇಕಾದವರು ಆ ಮಕ್ಕಳೇ. ನಾವಲ್ಲ, ಮ್ಯೂಸಿಯಂ ಅಲ್ಲ.

ತುಳುನಾಡಿನ ಶಾಲೆಗಳಲ್ಲಿರುವ ನಮ್ಮ ಮಾಷ್ಟ್ರುಗಳು ಕೋಲ ನೋಡಿ ನಡುರಾತ್ರಿಗೇ ಎದ್ದು ಬರಬಾರದು. ಅಣಿ ಬಿಚ್ಚುವ ತನಕ ಕೂತಿರಲಿ. ಗರಿ ಎಷ್ಟು ಎಳೆಯದಿರಬೇಕು, ಹಾಳೆ ಹೇಗೆ ಹದ ಮಾಡುತ್ತೀರಿ, ಪಾಡ್ದನ ಯಾರ ಬಾಯಿಂದ ಕಲಿತಿರಿ, ಈ ರಾತ್ರಿಗೆ ಎಷ್ಟು ಕೊಟ್ಟರು ಅಂತ ಕೇಳಿ ಬರೆದುಕೊಳ್ಳಲಿ. ಒಪ್ಪಿದರೆ ಹೇಳಿದವರ ಹೆಸರು ಮೊದಲ ಸಾಲಿನಲ್ಲೇ ಬರಲಿ. ಬೇಡ ಅಂದರೆ ನೋಟ್‌ಬುಕ್ ಮುಚ್ಚಿ, ಅವರು ಕೊಟ್ಟ ಚಾ ಕುಡಿದು, ಎದ್ದು ಬರಬೇಕು.