ಕೊಳೆತರೆ ಕಳೆಯಿತೇ?

ಭೂಮಿತಾಯಿ ಎಲ್ಲವನ್ನೂ ಅರಗಿಸಿಕೊಳ್ಳುತ್ತಾಳೆ ಎಂಬುದು ನಮ್ಮ ಹಳೆಯ ನೆಮ್ಮದಿ. ಸತ್ತದ್ದು ಮಣ್ಣಾಗುತ್ತದೆ, ಮಣ್ಣಿನಿಂದ ಮತ್ತೆ ಚಿಗುರು ಏಳುತ್ತದೆ. ಈ ನೆಮ್ಮದಿ ಎಲ್ಲಿಯವರೆಗೆ ನಿಜ ಎಂದು ತಿಳಿಯಬೇಕಾದರೆ ಕೆನಡಾದ ಆಲ್ಬರ್ಟಾದ ತೈಲ ಮರಳಿನ ಗಣಿಗಳನ್ನು ನೋಡಬೇಕು.

ಅಲ್ಲಿ ಅಥಬಾಸ್ಕಾ ನದಿಯ ಆಸುಪಾಸಿನ ಮರಳಿಗೆ ಬಿಟುಮೆನ್ ಎಂಬ ಕಪ್ಪು ಜಿಗುಟು ತೈಲ ಅಂಟಿಕೊಂಡಿದೆ. 1967ರಿಂದ ಅದನ್ನು ಭಾರೀ ಪ್ರಮಾಣದಲ್ಲಿ ಅಗೆದು, ಬಿಸಿನೀರಿನಲ್ಲಿ ತೊಳೆದು ತೆಗೆಯುತ್ತಿದ್ದಾರೆ. ತೊಳೆದ ನೀರು, ಮರಳು, ಜೇಡಿ, ಬಿಡದೆ ಉಳಿದ ಬಿಟುಮೆನ್, ಅದನ್ನು ತೆಳುಮಾಡಲು ಬೆರೆಸಿದ ನಾಫ್ತಾದ ಅಂಶ ಎಲ್ಲವೂ ಕೊಳಗಳನ್ನು ಸೇರುತ್ತವೆ. ಇಂದು ಅವುಗಳಲ್ಲಿ ಒಂದು ಲಕ್ಷ ಕೋಟಿ ಲೀಟರಿಗೂ ಹೆಚ್ಚು ತ್ಯಾಜ್ಯ ನಿಂತಿದೆ. ಜೇಡಿಯ ನಯವಾದ ಕಣಗಳು ದಶಕಗಳು ಕಳೆದರೂ ಗಟ್ಟಿಯಾಗಿ ತಳ ಸೇರುವುದಿಲ್ಲ.

1990ರ ದಶಕದಲ್ಲಿ ಇವುಗಳಲ್ಲೊಂದಾದ ಮಿಲ್ಡ್ರೆಡ್ ಲೇಕ್ ಕೊಳದಿಂದ ಮೀಥೇನ್ ಗುಳ್ಳೆಗಳು ಏಳತೊಡಗಿದವು. ಆಮ್ಲಜನಕವಿಲ್ಲದ ಆ ಕೆಸರಿನೊಳಗೂ ಜೀವ ನೆಲೆಗೊಂಡಿತ್ತು. ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಕಾರ್ಬನ್ನುಗಳನ್ನು ಒಡೆದು ಅಸಿಟೇಟ್, ಜಲಜನಕ ಬಿಡುತ್ತವೆ. ಆರ್ಕಿಯಾ ಎಂಬ ಇನ್ನೊಂದು ಕುಲ ಅವುಗಳನ್ನೇ ಉಂಡು ಮೀಥೇನ್ ಹೊರಹಾಕುತ್ತದೆ. ಜಲಜನಕ ತುಂಬಿಕೊಂಡರೆ ಮೊದಲಿನವುಗಳ ಕೆಲಸವೇ ನಿಂತುಹೋಗುತ್ತದೆ. ತಾನು ಬಿಟ್ಟದ್ದನ್ನು ತೆಗೆದುಕೊಳ್ಳುವವರು ಇಲ್ಲದೆ ಅಲ್ಲಿ ಯಾರಿಗೂ ಬದುಕಿಲ್ಲ.

ಆದರೆ ಅವು ತಿನ್ನುವುದೇನನ್ನು? ಹೆಚ್ಚಾಗಿ ನಾಫ್ತಾದ ಹಗುರ ಭಾಗಗಳನ್ನು. ಬಿಟುಮೆನ್ನನ್ನು ಮುಟ್ಟುವುದು ತೀರ ಕಡಿಮೆ, ಅದಕ್ಕೆ ಕಾರಣವೂ ಇದೆ. ಒಂದು ಕಾಲಕ್ಕೆ ಅದು ಹಗುರವಾದ ತೈಲವೇ ಆಗಿತ್ತು. ಲಕ್ಷಾಂತರ ವರ್ಷ ಸೂಕ್ಷ್ಮಜೀವಿಗಳು ಅದರಲ್ಲಿ ಅರಗುವುದನ್ನೆಲ್ಲ ಉಂಡು, ಅರಗದ್ದನ್ನು ಬಿಟ್ಟೆದ್ದ ಎಂಜಲೆಲೆ ಈ ಬಿಟುಮೆನ್. ಅದನ್ನು ಬಗೆದು ತೆಗೆದವರು ನಾವು. ಈಗ ಉಂಡೆದ್ದವರನ್ನೇ ಮತ್ತೆ ಪಂಕ್ತಿಗೆ ಕರೆದು, ಉಳಿದದ್ದನ್ನು ಮುಗಿಸಿ ಎನ್ನುತ್ತಿದ್ದೇವೆ.

ಅವುಗಳ ಕೆಲಸದಿಂದ ಉಪಯೋಗ ಇಲ್ಲವೆಂದಲ್ಲ. ಅವು ಬಿಡುವ ಇಂಗಾಲದ ಡೈಆಕ್ಸೈಡ್ ಕೆಸರಿನ ಖನಿಜಗಳನ್ನು ಕರಗಿಸಿ, ಜೇಡಿ ಬೇಗ ಒತ್ತಾಗಲು ನೆರವಾಗುತ್ತದೆ ಎಂದು ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಆದರೆ ಅವುಗಳೇ ಬಿಡುವ ಮೀಥೇನ್ ವಾತಾವರಣವನ್ನು ಕಾಯಿಸುತ್ತದೆ. ಕೊಳದ ನೀರಿನಲ್ಲಿರುವ, ಮೀನುಗಳಿಗೆ ವಿಷವಾದ ನಾಫ್ಥೆನಿಕ್ ಆಮ್ಲಗಳು ಬಹುಕಾಲ ಹಾಗೆಯೇ ಉಳಿಯುತ್ತವೆ. ಸೂಕ್ಷ್ಮಜೀವಿಗೆ ನಮ್ಮ ಮೇಲೆ ಕರುಣೆಯೂ ಇಲ್ಲ, ಹಗೆಯೂ ಇಲ್ಲ. ತನ್ನ ಹಸಿವಿನಷ್ಟನ್ನು ಅದು ತಿನ್ನುತ್ತದೆ. ಅದನ್ನು ನಮ್ಮ ಜಾಡಮಾಲಿ ಎಂದುಕೊಳ್ಳುವುದು ನಮ್ಮ ಅನುಕೂಲದ ನಂಬಿಕೆ.

2008ರಲ್ಲಿ ಇಂಥದೊಂದು ಕೊಳಕ್ಕೆ ಇಳಿದ ಸುಮಾರು 1,600 ಬಾತುಗಳು ಸತ್ತವು. ನದಿಯ ಕೆಳಹರಿವಿನ ಫೋರ್ಟ್ ಚಿಪವಯಾನ್‌ನ ಮೂಲನಿವಾಸಿಗಳು ತಾವು ತಿನ್ನುವ ಮೀನಿನ ಬಗ್ಗೆ ಇಂದಿಗೂ ಆತಂಕದಲ್ಲಿದ್ದಾರೆ. ಸೂಕ್ಷ್ಮಜೀವಿಗಳ ಕಾಲಮಾನ ಬೇರೆ, ಮನುಷ್ಯರ ಆಯುಷ್ಯ ಬೇರೆ. ಎಂದೋ ಒಂದು ದಿನ ಕರಗೀತು ಎಂಬ ಮಾತು ಇಂದು ಆ ನೀರಿನ ಬಳಿ ಬದುಕುವವರಿಗೆ ಉತ್ತರವಾಗದು. ಅರಗಿಸುವುದು ಪ್ರಕೃತಿಯ ಗುಣವಿರಬಹುದು, ಹೊಣೆ ಹೊರುವುದು ಮಾತ್ರ ತೊಳೆದು ಲಾಭ ಪಡೆದವರ ಧರ್ಮ.