ದಾನಕ್ಕೆ ಬೆಲೆ ಕಟ್ಟುವವರು ಯಾರು?

 

ನೇಪಾಳದ ಗಡಿಗೆ ಹತ್ತಿರ, ಉತ್ತರ ಪ್ರದೇಶದ ಪಿಪ್ರಾಹ್ವಾದಲ್ಲಿ ಒಂದು ಸ್ತೂಪವಿದೆ. 1898ರಲ್ಲಿ ಅಲ್ಲಿನ ಬ್ರಿಟಿಷ್ ಜಮೀನುದಾರ ವಿಲಿಯಂ ಪೆಪ್ಪೆ ಅದನ್ನು ಅಗೆಸಿದ. ದೊಡ್ಡ ಕಲ್ಲಿನ ಪೆಟ್ಟಿಗೆಯೊಳಗೆ ಕರಂಡಕಗಳು, ಅಸ್ಥಿಯ ಚೂರುಗಳು, ಜೊತೆಗೆ ನೂರಾರು ಹರಳುಗಳು, ಬಂಗಾರದ ತಗಡಿನ ಹೂಗಳು ಸಿಕ್ಕವು. ಒಂದು ಕರಂಡಕದ ಮೇಲೆ ಬ್ರಾಹ್ಮಿ ಬರಹವಿತ್ತು. ಬಹುಪಾಲು ವಿದ್ವಾಂಸರು ಓದುವಂತೆ, ಶಾಕ್ಯ ಸಹೋದರರು ಅಕ್ಕತಂಗಿಯರು, ಹೆಂಡತಿ ಮಕ್ಕಳ ಸಮೇತ ಭಗವಾನ್ ಬುದ್ಧರ ಧಾತುವನ್ನು ಅಲ್ಲಿ ಇರಿಸಿದ್ದರು.

ಆಮೇಲೆ ಹಂಚಿಕೆಯಾಯಿತು. ಅಸ್ಥಿಗಳು ಸಯಾಮಿನ ರಾಜನಿಗೆ ಹೋದವು. ಹರಳುಗಳ ದೊಡ್ಡ ಪಾಲು ಕಲ್ಕತ್ತೆಯ ಮ್ಯೂಸಿಯಂ ಸೇರಿತು. ಒಂದೇ ಬಗೆಯವು ಬೇಕಾದಷ್ಟಿವೆ ಎಂಬ ಲೆಕ್ಕದಲ್ಲಿ ಒಂದು ಪಾಲನ್ನು ಪೆಪ್ಪೆಗೇ ಬಿಟ್ಟರು. ಮೂಳೆ ಪೂಜೆಗೆ, ಹರಳು ಪ್ರದರ್ಶನಕ್ಕೆ, ಉಳಿದದ್ದು ಒಂದು ಮನೆತನದ ಆಸ್ತಿ! ಇಟ್ಟವರಿಗೆ ಅದೆಲ್ಲ ಒಂದೇ ದಾನವಾಗಿತ್ತು.

2025ರ ಮೇ ತಿಂಗಳಲ್ಲಿ ಆ ಪಾಲು ಹಾಂಗ್‌ಕಾಂಗ್‌ನಲ್ಲಿ ಸಾದಬೀಸ್ ಹರಾಜಿಗೆ ಬಂತು. ಭಾರತ ಸರ್ಕಾರ ನೋಟಿಸ್ ಕೊಟ್ಟಿತು, ಬೌದ್ಧರು ವಿರೋಧಿಸಿದರು, ಹರಾಜು ನಿಂತಿತು. ಜುಲೈನಲ್ಲಿ ಹರಳುಗಳು 127 ವರ್ಷಗಳ ನಂತರ ದೇಶಕ್ಕೆ ಮರಳಿದವು. ಗೋದ್ರೆಜ್ ಉದ್ಯಮ ಸಮೂಹ ಅವನ್ನು ಕೊಂಡು, ದೊಡ್ಡ ಭಾಗವನ್ನು ಐದು ವರ್ಷ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಡಲು ಒಪ್ಪಿತು. ಮರಳಿದ್ದು ಸಂತೋಷವೇ. ಆದರೂ ಕೇಳಬೇಕಾಗಿದೆ: ಕೊಟ್ಟವರು ಹಕ್ಕು ಬಿಟ್ಟುಕೊಟ್ಟ ವಸ್ತುವಿಗೆ ಮಾಲೀಕ ಹುಟ್ಟಿದ್ದು ಹೇಗೆ? ಕೊಟ್ಟ ಹಣ ಯಾವುದರ ಬೆಲೆ? ಬುದ್ಧರ ಹೆಸರಿಲ್ಲದಿದ್ದರೆ ಆ ಪುಟ್ಟ ಹರಳುಗಳನ್ನು ಯಾರು ಅಷ್ಟು ದುಡ್ಡಿಗೆ ಕೇಳುತ್ತಿದ್ದರು? ಮಾರಾಟಕ್ಕಿದ್ದದ್ದು ಜನರ ಶ್ರದ್ಧೆಯೇ ಎಂದು ನನಗನ್ನಿಸುತ್ತದೆ.

ಧಾತುವಿಗಾಗಿ ಜಗಳ ಆಗಲೂ ನಡೆದಿತ್ತು. ಮಹಾಪರಿನಿಬ್ಬಾಣ ಸುತ್ತದಲ್ಲಿ ಓದಿದ್ದೇವೆ. ಹಿಡಿದುಕೊಳ್ಳಬೇಡಿ ಎಂದು ಕಲಿಸಿದವರ ಅಸ್ಥಿಗಾಗಿ ರಾಜರು ಯುದ್ಧಕ್ಕೇ ನಿಂತರು. ದೋಣ ಎಂಬ ಬ್ರಾಹ್ಮಣ ಎಂಟು ಪಾಲು ಮಾಡಿ, ಅಳೆದ ಪಾತ್ರೆಯನ್ನು ತಾನು ಕೇಳಿ ಪಡೆದ. ಪಿಪ್ಪಲಿವನದ ಮೋರಿಯರು ತಡವಾಗಿ ಬಂದರು, ಅವರಿಗೆ ಸಿಕ್ಕಿದ್ದು ಚಿತೆಯ ಇದ್ದಿಲು. ಅವರು ಅದಕ್ಕೂ ಸ್ತೂಪ ಕಟ್ಟಿದರು. ಯಾವ ಸಂತೆಯಲ್ಲೂ ಕಾಸಿಗೆ ಹೋಗದ ಇದ್ದಿಲು.

ಈಗ ನಮ್ಮ ಮನೆಗಳಿಗೆ ಬರೋಣ. ಬಾಬಾಸಾಹೇಬರ ಚಿತ್ರವಿರುವ 1990ರ ಒಂದು ರೂಪಾಯಿ ನಾಣ್ಯವನ್ನು ಹಲವರು ಜೋಪಾನ ಮಾಡಿದ್ದಾರೆ. (ಅದಕ್ಕೆ ಲಕ್ಷ ಕೊಡುತ್ತೇವೆ ಎಂಬ ಮೆಸೇಜ್ ಬಂದರೆ ನಂಬಿ ದುಡ್ಡು ಕಳಿಸಬೇಡಿ, ಅದು ಅಪರೂಪದ ನಾಣ್ಯವಲ್ಲ.) ಆದರೆ ಅಜ್ಜಿಯ ಟ್ರಂಕಿನಲ್ಲಿರುವ ದೀಕ್ಷಾ ಸಮಾರಂಭದ ಫೋಟೊ, ನಾಗಪುರದ ದೀಕ್ಷಾಭೂಮಿಯಿಂದ ತಂದ ಬ್ಯಾಡ್ಜು, ಸಂಘಟನೆಯ ಹಳೇ ಕರಪತ್ರ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಗುಜರಿಗೆ ಹೋಗುತ್ತವೆ. ನಮ್ಮವರು ಬರೆದಿಟ್ಟ ಚರಿತ್ರೆ ಕಡಿಮೆ. ಇಂಥ ಕಾಗದಗಳೇ ನಮಗೆ ಸಾಕ್ಷಿ. ಮುಂದೊಂದು ದಿನ ಯಾರೋ ಸಂಗ್ರಾಹಕ ಅದೇ ಕರಪತ್ರಕ್ಕೆ ಸಾವಿರಾರು ರೂಪಾಯಿ ಹೇಳಿದರೆ ಮಾರುತ್ತೇವೋ, ವಿಹಾರಕ್ಕೆ ಕೊಡುತ್ತೇವೋ, ಬೀರುವಿನಲ್ಲೇ ಬೀಗ ಹಾಕಿಡುತ್ತೇವೋ? ಮನೆಯಲ್ಲಿ ಕಷ್ಟವಿದ್ದು ಮಾರಿದವರನ್ನು ನಾನು ದೂರಲಾರೆ.

ಈ ಭಾನುವಾರ ಅಂಥ ಫೋಟೊ ಇದ್ದವರು ವಿಹಾರಕ್ಕೆ ತನ್ನಿ. ಅದರಲ್ಲಿ ಇರುವವರ ಹೆಸರು, ಊರು, ವರ್ಷವನ್ನು ಹಿರಿಯರನ್ನು ಕೇಳಿ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆಯೋಣ. ಗುರುತು ಹಿಡಿಯಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.